ಕೇಡಿನ ಮೂಲವನ್ನು ಅರಸಿದ ಸಂತ ಅಗಸ್ಟೀನರು

ಒಂದು ದೇವಾಲಯವು ನೂರು ವರ್ಷಗಳನ್ನು ಪೂರೈಸಿತೆಂದರೆ, ಅದರ ಗಂಟೆಯು ಮದುವೆಯ ಸಂಭ್ರಮಕ್ಕೆ ಮೊಳಗಿದಂತೆಯೇ ಮರಣದ ಶೋಕಕ್ಕೂ ಮೊಳಗಿದೆಯೆಂದೇ ಅರ್ಥ. ಹಸುಗೂಸನ್ನು ಎತ್ತಿಕೊಂಡು ಜ್ಞಾನಸ್ನಾನದ ತೊಟ್ಟಿಯ ಬಳಿ ಹರ್ಷದಿಂದ ನಿಂತ ತಾಯಿತಂದೆಯರೇ, ವರ್ಷ ತುಂಬುವ ಮೊದಲೇ ಪುಟ್ಟದೊಂದು ಶವಪೆಟ್ಟಿಗೆಯ ಬಳಿ ತಲೆಬಾಗಿ ನಿಂತದ್ದುಂಟು. ದೇವರು ಒಳ್ಳೆಯವರು, ಸರ್ವಶಕ್ತರು ಎಂದು ವಿಶ್ವಾಸ ಸಂಗ್ರಹದಲ್ಲಿ ಬಾಯಾರೆ ಹೇಳುವ ನಾವು, ಅಂಥ ಗಳಿಗೆಯಲ್ಲಿ ಮನಸ್ಸಿನೊಳಗೆ ಒಂದು ಪ್ರಶ್ನೆಯನ್ನು ಅಡಗಿಸಿಕೊಂಡೇ ಮನೆಗೆ ಮರಳುತ್ತೇವೆ. ಒಳ್ಳೆಯ ದೇವರು ಸೃಷ್ಟಿಸಿದ ಲೋಕದಲ್ಲಿ ಕೇಡು ಎಲ್ಲಿಂದ ಬಂತು? ಇದನ್ನು ಕೇಳುವುದೇ ಪಾಪವೇನೋ ಎಂಬ ಅಳುಕಿನಿಂದ ಹಲವರು ಬಾಯಿ ಬಿಡುವುದಿಲ್ಲ.

ಅಳುಕುವ ಕಾರಣವಿಲ್ಲ. ಧರ್ಮಸಭೆಯು ತನ್ನ ಮಹಾ ಆಚಾರ್ಯರಲ್ಲಿ ಒಬ್ಬರೆಂದು ಗೌರವಿಸುವ ಸಂತರೊಬ್ಬರು ಇದೇ ಪ್ರಶ್ನೆಯನ್ನು ಹರೆಯದಿಂದ ಮುಪ್ಪಿನವರೆಗೆ ಕೇಳುತ್ತಲೇ ಬಾಳಿದರು. ಅದರ ತಪ್ಪು ಉತ್ತರವನ್ನು ನಂಬಿ ಒಂಬತ್ತು ವರ್ಷಗಳನ್ನು ಕಳೆದರು. ಸರಿಯಾದ ಉತ್ತರದ ಜಾಡು ಸಿಕ್ಕಾಗ ತಮ್ಮ ಬಾಳನ್ನೇ ಬದಲಿಸಿಕೊಂಡರು. ಅವರೇ ಹಿಪ್ಪೋ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಅಗಸ್ಟೀನರು. ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಅವರ ಜೀವನವನ್ನು ಈ ಒಂದು ಪ್ರಶ್ನೆಯ ಬೆಳಕಿನಲ್ಲಿ ಸ್ಮರಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಬಾಲ್ಯ ಮತ್ತು ಹರೆಯ

ಅಗಸ್ಟೀನರು 354ನೆಯ ಇಸವಿ ನವೆಂಬರ್ 13ರಂದು ಉತ್ತರ ಆಫ್ರಿಕದ ತಗಾಸ್ತೆ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಆಗ ಅದು ರೋಮನ್ ಸಾಮ್ರಾಜ್ಯದ ಭಾಗ. ಇಂದು ಅಲ್ಜೀರಿಯ ದೇಶದ ಸೂಕ್ ಅಹ್ರಾಸ್ ನಗರ. ತಂದೆ ಪತ್ರೀಸಿಯುಸ್ ಸಾಧಾರಣ ಆಸ್ತಿವಂತ, ಮುಂಗೋಪಿ, ಅನ್ಯ ದೇವತೆಗಳ ಆರಾಧಕ. ಮರಣಕ್ಕೆ ಸ್ವಲ್ಪ ಮುಂಚೆಯಷ್ಟೇ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದವನು. ತಾಯಿ ಮೋನಿಕಮ್ಮನವರು ದೃಢ ವಿಶ್ವಾಸಿ. ಎಳೆಯ ಮಗನಿಗೆ ಯೇಸುವಿನ ನಾಮವನ್ನು ಕಲಿಸಿದವರು ಅವರೇ. ಆದರೆ ಅಂದಿನ ರೂಢಿಯಂತೆ ಮಗುವಿಗೆ ಜ್ಞಾನಸ್ನಾನ ಕೊಡಿಸದೆ ಮುಂದೂಡಲಾಯಿತು.

ಮಗ ಬಲು ಬುದ್ಧಿವಂತ. ಮದೌರ ಎಂಬ ನೆರೆಯ ಊರಿನಲ್ಲಿ ಓದುತ್ತಿದ್ದವನು, ಹಣದ ಮುಗ್ಗಟ್ಟಿನಿಂದ ಹದಿನಾರನೆಯ ವಯಸ್ಸಿನಲ್ಲಿ ಒಂದು ವರ್ಷ ಮನೆಯಲ್ಲಿಯೇ ಉಳಿಯಬೇಕಾಯಿತು. ಆ ಬಿಡುವಿನಲ್ಲಿ ಒಂದು ರಾತ್ರಿ ಪುಂಡ ಗೆಳೆಯರೊಡನೆ ನೆರೆಯವರ ಪೇರು ಹಣ್ಣಿನ ಮರವನ್ನು ಅಲುಗಾಡಿಸಿ ಹಣ್ಣುಗಳನ್ನೆಲ್ಲ ಕದ್ದನು. ಹಸಿವೆಯಿರಲಿಲ್ಲ, ಅದಕ್ಕಿಂತ ಒಳ್ಳೆಯ ಹಣ್ಣು ಮನೆಯಲ್ಲೇ ಇತ್ತು. ಕದ್ದದ್ದರಲ್ಲಿ ಹೆಚ್ಚಿನ ಪಾಲು ಹಂದಿಗಳ ಪಾಲಾಯಿತು. ಹುಡುಗಾಟವೆಂದು ಯಾರಾದರೂ ಮರೆತುಬಿಡಬಹುದಾದ ಈ ಘಟನೆಯನ್ನು ಅಗಸ್ಟೀನರು ನಲವತ್ತು ದಾಟಿದ ಮೇಲೆ ಬರೆದ ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ಪುಟಗಟ್ಟಲೆ ವಿಚಾರಿಸಿದರು. ಹೊಟ್ಟೆಗಿಲ್ಲದವನು ಕದ್ದರೆ ಕಾರಣ ತಿಳಿಯುತ್ತದೆ. ಬೇಕಿಲ್ಲದ್ದನ್ನು ಕದಿಯುವುದೇಕೆ? ತಪ್ಪೆಂದು ತಿಳಿದೇ, ತಪ್ಪೆಂಬ ಕಾರಣಕ್ಕೇ ಅದರಲ್ಲಿ ಸುಖ ಕಂಡದ್ದೇಕೆ? ಕೇಡಿನ ಒಗಟನ್ನು ಅವರು ಯುದ್ಧಗಳಲ್ಲಿ, ಭೂಕಂಪಗಳಲ್ಲಿ ಹುಡುಕಲು ಹೊರಡಲಿಲ್ಲ. ತಮ್ಮ ಬಾಲ್ಯದ ಒಂದು ರಾತ್ರಿಯಲ್ಲಿ ಕಂಡುಕೊಂಡರು. ಈ ಒಂದು ಸಂಗತಿಯಲ್ಲಿಯೇ ಅವರ ಮುಂದಿನ ಬೋಧನೆಯ ಬೀಜವಿದೆ.

ಊರಿನ ಶ್ರೀಮಂತ ರೊಮಾನಿಯಾನುಸ್ ಎಂಬವರ ನೆರವಿನಿಂದ ಅಗಸ್ಟೀನರು ಹೆಚ್ಚಿನ ಓದಿಗಾಗಿ ಮಹಾನಗರವಾದ ಕಾರ್ಥೇಜಿಗೆ ಹೋದರು. ಅಲ್ಲಿ ಒಬ್ಬ ಸ್ತ್ರೀಯೊಡನೆ ವಿವಾಹವಿಲ್ಲದೆ ಸಂಸಾರ ಹೂಡಿದರು. ಒಬ್ಬ ಮಗ ಹುಟ್ಟಿದನು. ದೇವರು ಕೊಟ್ಟವನು ಎಂಬ ಅರ್ಥದಲ್ಲಿ ಅವನಿಗೆ ಅದೆಯೋದಾತುಸ್ ಎಂದು ಹೆಸರಿಟ್ಟರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ರೋಮನ್ ವಾಗ್ಮಿ ಸಿಸೆರೊ ಬರೆದ ಒಂದು ಗ್ರಂಥವನ್ನು ಓದಿ ಸತ್ಯದ ಹಂಬಲದಿಂದ ಹೊತ್ತಿಕೊಂಡರು. ಪವಿತ್ರ ಗ್ರಂಥವನ್ನು ತೆರೆದು ನೋಡಿದರೆ ಅದರ ಸರಳ ಶೈಲಿ ಆ ಭಾಷಾಪಂಡಿತನಿಗೆ ರುಚಿಸಲಿಲ್ಲ. ಹಾಗೆ ತಾಯಿಯ ಧರ್ಮವನ್ನು ಬದಿಗಿಟ್ಟು ಮಾನಿಯ ಪಂಥಕ್ಕೆ ಸೇರಿಕೊಂಡರು.

ನೆಪವನ್ನು ಒದಗಿಸಿದ ಪಂಥ

ಮಾನಿ ಎಂಬವನು 3ನೆಯ ಶತಮಾನದಲ್ಲಿ ಮೆಸೊಪೊಟೇಮಿಯದಲ್ಲಿ ಬಾಳಿದವನು. ಅವನ ಬೋಧನೆಯಂತೆ ಆದಿಯಿಂದಲೂ ಎರಡು ಶಕ್ತಿಗಳಿವೆ: ಬೆಳಕು ಮತ್ತು ಕತ್ತಲೆ. ದೇವರು ಬೆಳಕಿನ ಒಡೆಯ. ಕತ್ತಲೆ ಆತನ ಸೃಷ್ಟಿಯಲ್ಲ, ಆತನಷ್ಟೇ ಪುರಾತನವಾದ ವೈರಿ. ಮನುಷ್ಯನ ಆತ್ಮವು ಬೆಳಕಿನ ಕಿಡಿ. ಶರೀರವು ಕತ್ತಲೆಯ ಸೆರೆಮನೆ. ಮನುಷ್ಯನು ಪಾಪ ಮಾಡಿದಾಗ ನಿಜವಾಗಿ ಪಾಪ ಮಾಡುವುದು ಅವನಲ್ಲ, ಅವನೊಳಗೆ ಸೇರಿಕೊಂಡಿರುವ ಆ ಪರಕೀಯ ಸ್ವಭಾವ.

ಯುವಕ ಅಗಸ್ಟೀನರಿಗೆ ಈ ಮತವು ಏಕೆ ಹಿಡಿಸಿತೆಂದು ಊಹಿಸುವುದು ಕಷ್ಟವಲ್ಲ. ಅದು ದೇವರನ್ನು ಕೇಡಿನ ಅಪವಾದದಿಂದ ಬಿಡಿಸುವಂತೆ ತೋರಿತು. ಜೊತೆಗೆ ತಮ್ಮನ್ನೂ ಬಿಡಿಸಿತು. ತಪ್ಪು ಮಾಡಿದವನು ತಾನಲ್ಲ, ತನ್ನೊಳಗಿನ ಬೇರೇನೋ ಎಂದು ಹೇಳಿಕೊಳ್ಳುವುದು ತಮ್ಮ ಅಹಂಕಾರಕ್ಕೆ ಹಿತವಾಗಿತ್ತೆಂದು ಅವರೇ ಮುಂದೆ ಒಪ್ಪಿಕೊಂಡರು. ಇದೇ ಕಾಲದಲ್ಲಿ ಅವರು ಜ್ಯೋತಿಷಿಗಳ ಮೊರೆಯನ್ನೂ ಹೊಕ್ಕಿದ್ದರು. ಗ್ರಹಗತಿಯೇ ಪಾಪಕ್ಕೆ ಕಾರಣವಾದರೆ ಮನುಷ್ಯನಿಗೆ ಪಶ್ಚಾತ್ತಾಪದ ಅಗತ್ಯವೆಲ್ಲಿ?

ಇದನ್ನು ಓದಿ ನಾವು ನಗುವಂತಿಲ್ಲ. ಮಾನಿಯ ಪಂಥ ಅಳಿದು ಶತಮಾನಗಳು ಸಂದಿದ್ದರೂ ಅದರ ತರ್ಕ ನಮ್ಮ ಮನೆಗಳಲ್ಲಿ ಅಳಿದಿಲ್ಲ. ಕುಡಿದು ಹೆಂಡತಿಯನ್ನು ಹೊಡೆದವನು ಹೆಂಡದ ಮೇಲೆ ತಪ್ಪು ಹೊರಿಸುತ್ತಾನೆ. ಒಡಹುಟ್ಟಿದವರೊಡನೆ ಆಸ್ತಿಗಾಗಿ ಮಾತು ಬಿಟ್ಟವನು ಗ್ರಹಚಾರವೆನ್ನುತ್ತಾನೆ. ಹಣೆಬರಹ, ಕೆಟ್ಟ ಕಾಲ, ಕೆಟ್ಟ ಸಹವಾಸ, ಕೊನೆಗೆ ಸೈತಾನ. ಪಾಪನಿವೇದನೆಗೆ ಮೊಣಕಾಲೂರಿದಾಗಲೂ ನಾವು ನಮ್ಮನ್ನು ಬಿಟ್ಟು ಉಳಿದವರನ್ನೆಲ್ಲ ಹೆಸರಿಸುವುದುಂಟು.

ತಾಯಿ ಮೋನಿಕಮ್ಮನವರು ಮಗನಿಗಾಗಿ ಹಗಲಿರುಳು ಕಣ್ಣೀರಿಟ್ಟರು. ಅವನೊಡನೆ ವಾದಿಸಿ ತಿದ್ದಬೇಕೆಂದು ಒಬ್ಬ ಧರ್ಮಾಧ್ಯಕ್ಷರನ್ನು ಕಾಡಿಬೇಡಿದಾಗ, ತಾವೂ ಬಾಲ್ಯದಲ್ಲಿ ಆ ಪಂಥದಲ್ಲೇ ಬೆಳೆದಿದ್ದ ಆ ಹಿರಿಯರು ವಾದಕ್ಕೆ ಒಪ್ಪಲಿಲ್ಲ. ಇಷ್ಟು ಕಣ್ಣೀರಿನ ಮಗನು ನಾಶವಾಗಲಾರನೆಂದು ಹೇಳಿ ಕಳುಹಿಸಿದರು.

ಬಿರುಕು ಬಿಟ್ಟ ನಂಬಿಕೆ

ಓದಿದಷ್ಟೂ ಅಗಸ್ಟೀನರಿಗೆ ಸಂದೇಹಗಳು ಹೆಚ್ಚಿದವು. ದೇವರಿಗೆ ಹಾನಿ ತಟ್ಟಲಾರದೆಂದರೆ ಕತ್ತಲೆಯೊಡನೆ ಆತನು ಏಕೆ ಕಾದಾಡಬೇಕಿತ್ತು? ಹಾನಿ ತಟ್ಟುವುದಾದರೆ ಆತನು ದೇವರೆನಿಸುವುದು ಹೇಗೆ? ಕಾರ್ಥೇಜಿನಲ್ಲಿ ಗೆಳೆಯನೊಬ್ಬನು ಹಾಕಿದ ಈ ಪ್ರಶ್ನೆ ಅವರನ್ನು ಕಾಡಿತು. ಪಂಥದ ಪ್ರಖ್ಯಾತ ಗುರು ಫೌಸ್ತುಸ್ ಬಂದರೆ ಎಲ್ಲಕ್ಕೂ ಉತ್ತರ ಸಿಗುವುದೆಂದು ಕಾದರು. ಆತ ಬಂದ, ಮಾತು ಮಧುರವಾಗಿತ್ತು, ಜ್ಞಾನ ತೆಳುವಾಗಿತ್ತು.

383ರಲ್ಲಿ ಅಗಸ್ಟೀನರು ತಾಯಿಗೆ ಸುಳ್ಳು ಹೇಳಿ, ಆಕೆ ಸಂತ ಸಿಪ್ರಿಯಾನರ ಗುಡಿಯಲ್ಲಿ ಪ್ರಾರ್ಥಿಸುತ್ತಿದ್ದ ರಾತ್ರಿ ರೋಮಿಗೆ ಹಡಗು ಹತ್ತಿದರು. ಮರುವರ್ಷ ಮಿಲಾನ್ ನಗರದಲ್ಲಿ ಭಾಷಣಕಲೆಯ ಅಧ್ಯಾಪಕ ಪದವಿ ದೊರೆಯಿತು. ತಾಯಿಯೂ ಬಿಡದೆ ಬೆನ್ನಟ್ಟಿ ಬಂದರು. ಅಲ್ಲಿಯ ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರ ಪ್ರಬೋಧನೆಯನ್ನು ಮೊದಮೊದಲು ಮಾತಿನ ಸೊಗಸಿಗಾಗಿ ಕೇಳಿದ ಅಗಸ್ಟೀನರು ಬರುಬರುತ್ತ ಮಾತಿನ ಹುರುಳಿಗೆ ಮನಸೋತರು. ಪ್ಲೇಟೋನ ಮಾರ್ಗದ ತತ್ತ್ವಜ್ಞಾನಿಗಳ ಗ್ರಂಥಗಳನ್ನೂ ಓದಿದರು.

ಆಗ ಅವರಿಗೆ ಒಂದು ಸತ್ಯ ಹೊಳೆಯಿತು. ಕೇಡು ಒಂದು ವಸ್ತುವಲ್ಲ, ಒಂದು ದ್ರವ್ಯವಲ್ಲ, ದೇವರಿಗೆ ಎದುರಾಗಿ ನಿಂತ ರಾಜ್ಯವೂ ಅಲ್ಲ. ಇರುವುದೆಲ್ಲವೂ ದೇವರಿಂದ ಬಂದದ್ದು, ಇರುವಷ್ಟರ ಮಟ್ಟಿಗೆ ಒಳ್ಳೆಯದು. ಇರಬೇಕಾದ ಒಳಿತು ಇಲ್ಲದಿರುವುದೇ ಕೇಡು. ಮುಂದೆ ಅವರು ಇದನ್ನು ರೋಗದ ಹೋಲಿಕೆಯಿಂದ ವಿವರಿಸಿದರು. ಗಾಯ ಮಾಗಿದಾಗ ಅದು ದೇಹವನ್ನು ಬಿಟ್ಟು ಬೇರೆಲ್ಲಿಗೋ ಹೋಗಿ ನೆಲೆಸುವುದಿಲ್ಲ. ಆರೋಗ್ಯ ಮರಳಿದಾಗ ಗಾಯವೆಂಬುದೇ ಇಲ್ಲವಾಗುತ್ತದೆ. ಕುರುಡು ಎಂಬುದು ಕಣ್ಣಿನೊಳಗಿರುವ ಬೇರೊಂದು ಪದಾರ್ಥವಲ್ಲ, ದೃಷ್ಟಿಯ ಅಭಾವ. ಇದರಿಂದ ನೋವು ಸುಳ್ಳೆಂದಾಗಲಿಲ್ಲ. ಗಾಯದ ನೋವು ನಿಜವಾದದ್ದೇ. ಆದರೆ ಕೇಡಿಗೆ ಸ್ವಂತ ಸಿಂಹಾಸನವಿಲ್ಲವೆಂಬುದು ಖಚಿತವಾಯಿತು.

ಜ್ಯೋತಿಷದ ಮೋಹವೂ ಇದೇ ಕಾಲದಲ್ಲಿ ಕಳಚಿತು. ಫಿರ್ಮಿನುಸ್ ಎಂಬ ಪರಿಚಿತನು ತನ್ನ ಹುಟ್ಟಿನ ಕಥೆಯನ್ನು ಹೇಳಿದನು. ಅವನು ಹುಟ್ಟಿದ ಗಳಿಗೆಯಲ್ಲೇ ತಂದೆಯ ಸ್ನೇಹಿತನ ಮನೆಯಲ್ಲಿ ಒಬ್ಬ ದಾಸಿಯೂ ಹೆತ್ತಿದ್ದಳು. ಎರಡು ಮಕ್ಕಳಿಗೂ ಜಾತಕ ಒಂದೇ. ಒಬ್ಬನು ಸಿರಿವಂತನಾಗಿ ಬೆಳೆದನು. ಇನ್ನೊಬ್ಬನು ದಾಸನಾಗಿಯೇ ಉಳಿದನು. ನಕ್ಷತ್ರಗಳ ಮೇಲೆ ಹೊರೆ ಹೊರಿಸುವ ದಾರಿಯೂ ಹೀಗೆ ಮುಚ್ಚಿತು.

ತೋಟದಲ್ಲಿ ನಡೆದ ಹೋರಾಟ

ಬುದ್ಧಿಗೆ ಉತ್ತರ ಸಿಕ್ಕಿತು, ಬಾಳು ಬದಲಾಗಲಿಲ್ಲ. ಉತ್ತಮ ಸಂಬಂಧದ ಮದುವೆಗೆ ಅಡ್ಡಿಯಾಗುವಳೆಂದು, ಹದಿನೈದು ವರ್ಷಗಳಷ್ಟು ಕಾಲ ತಮ್ಮೊಡನೆ ಬಾಳಿದ ಆ ಸ್ತ್ರೀಯನ್ನು ಅವರು ಆಫ್ರಿಕಕ್ಕೆ ಹಿಂದಿರುಗಿಸಿಬಿಟ್ಟರು. ಬೇರೊಬ್ಬ ಪುರುಷನನ್ನು ಮುಟ್ಟೆನೆಂದು ದೇವರಿಗೆ ಹರಕೆ ಹೊತ್ತು, ಮಗನನ್ನು ಬಿಟ್ಟು, ಆಕೆ ಒಬ್ಬಳೇ ಹೊರಟುಹೋದಳು. ಅಗಸ್ಟೀನರಾದರೋ ನಿಶ್ಚಿತವಾದ ಮದುವೆಗೆ ಎರಡು ವರ್ಷ ಕಾಯಲಾರದೆ ಇನ್ನೊಬ್ಬಳನ್ನು ಕೂಡಿಕೊಂಡರು. ಆಕೆಯ ಹೆಸರನ್ನು ಅವರ ಗ್ರಂಥ ದಾಖಲಿಸಿಲ್ಲ. ಆದರೆ ಈ ವೃತ್ತಾಂತದಲ್ಲಿ ಯಾರ ಸಂಕಲ್ಪ ದೃಢವಾಗಿತ್ತು, ಯಾರದು ದುರ್ಬಲವಾಗಿತ್ತು ಎಂಬುದನ್ನು ಅವರು ಮರೆಮಾಚದೆ ಬರೆದಿದ್ದಾರೆ.

386ರ ಆಗಸ್ಟ್ ತಿಂಗಳು. ಮಿಲಾನಿನ ತಮ್ಮ ಬಿಡಾರದ ತೋಟದಲ್ಲಿ ಗೆಳೆಯ ಆಲಿಪಿಯುಸರೊಡನೆ ಕುಳಿತಿದ್ದ ಅಗಸ್ಟೀನರು ತಮ್ಮೊಳಗಿನ ಹೊಯ್ದಾಟವನ್ನು ತಾಳಲಾರದಾದರು. ಪರಿಶುದ್ಧ ಜೀವನವನ್ನು ಬಯಸುವವರು ತಾವೇ. ಅದನ್ನು ನಾಳೆಗೆ ತಳ್ಳುವವರೂ ತಾವೇ. ಮನಸ್ಸು ಕೈಗೆ ಅಪ್ಪಣೆ ಕೊಟ್ಟರೆ ಕೈ ಒಡನೆ ಚಲಿಸುತ್ತದೆ. ಮನಸ್ಸು ಮನಸ್ಸಿಗೇ ಅಪ್ಪಣೆ ಕೊಟ್ಟರೆ ಅದು ಏಕೆ ಪಾಲಿಸುವುದಿಲ್ಲ? ಮಾನಿಯ ಶಿಷ್ಯನಾಗಿದ್ದರೆ ತನ್ನಲ್ಲಿ ಎರಡು ಸ್ವಭಾವಗಳು ಕಾದಾಡುತ್ತಿವೆಯೆಂದು ಹೇಳಿ ಸುಮ್ಮನಾಗಬಹುದಿತ್ತು. ಈ ಬಾರಿ ಅವರು ಆ ನೆಪವನ್ನು ಹಿಡಿಯಲಿಲ್ಲ. ಬಯಸಿದವನೂ ನಾನೇ, ಬೇಡವೆಂದವನೂ ನಾನೇ ಎಂಬ ಕಹಿ ಸತ್ಯವನ್ನು ಒಪ್ಪಿಕೊಂಡರು. ಅವರ ಪರಿವರ್ತನೆಯ ಬಾಗಿಲು ತೆರೆದದ್ದು ಈ ಒಪ್ಪಿಗೆಯಿಂದಲೇ ಎಂದು ನಾವು ತಿಳಿಯುತ್ತೇವೆ.

ಅತ್ತಿಯ ಮರದ ಕೆಳಗೆ ಬಿದ್ದು ಅಳುತ್ತಿದ್ದಾಗ ನೆರೆಮನೆಯಿಂದ ಮಗುವಿನ ರಾಗದ ದನಿಯೊಂದು, ಎತ್ತಿಕೊಂಡು ಓದೆಂದು ಮತ್ತೆ ಮತ್ತೆ ಹೇಳುವಂತೆ ಕೇಳಿಸಿತು. ಸಂತ ಪೌಲರ ಪತ್ರಗಳನ್ನು ತೆರೆದರು. ರೋಮಿನವರಿಗೆ ಬರೆದ ಪತ್ರದಲ್ಲಿ ದುಂದು, ಕಾಮಗಳನ್ನು ತೊರೆದು ಪ್ರಭು ಯೇಸುಕ್ರಿಸ್ತರನ್ನು ಧರಿಸಿಕೊಳ್ಳಬೇಕೆಂಬ ಭಾಗ ಕಣ್ಣಿಗೆ ಬಿತ್ತು. ಮುಂದೆ ಓದುವ ಅಗತ್ಯ ಬೀಳಲಿಲ್ಲ. 387ರ ಏಪ್ರಿಲ್ 24ರ ರಾತ್ರಿ, ಪಾಸ್ಖ ಜಾಗರಣೆಯಲ್ಲಿ, ಸಂತ ಅಂಬ್ರೋಸರ ಕೈಯಿಂದ ಅವರಿಗೂ ಮಗ ಅದೆಯೋದಾತುಸನಿಗೂ ಗೆಳೆಯ ಆಲಿಪಿಯುಸರಿಗೂ ಜ್ಞಾನಸ್ನಾನವಾಯಿತು. ಅದೇ ವರ್ಷ ಊರಿಗೆ ಮರಳುವ ದಾರಿಯಲ್ಲಿ, ಒಸ್ತಿಯ ಬಂದರಿನಲ್ಲಿ, ಕಣ್ಣೀರಿನ ಫಲವನ್ನು ಕಣ್ಣಾರೆ ಕಂಡ ಮೋನಿಕಮ್ಮನವರು ದೈವಾಧೀನರಾದರು.

ಸ್ವತಂತ್ರ ಸಂಕಲ್ಪದ ಬೋಧನೆ

ತಾಯಿಯನ್ನು ಮಣ್ಣು ಮಾಡಿದ ಮೇಲೆ ರೋಮಿನಲ್ಲಿ ತಂಗಿದ್ದಾಗ, ಊರಿನವರೇ ಆದ ಗೆಳೆಯ ಎವೋದಿಯುಸರೊಡನೆ ಸಂವಾದದ ರೂಪದಲ್ಲಿ ಸ್ವತಂತ್ರ ಸಂಕಲ್ಪವನ್ನು ಕುರಿತ ಗ್ರಂಥವನ್ನು ಅಗಸ್ಟೀನರು ಆರಂಭಿಸಿದರು. ಮೂರು ಭಾಗಗಳ ಈ ಕೃತಿ ಆಫ್ರಿಕದಲ್ಲಿ 395ರ ಸುಮಾರಿಗೆ ಮುಗಿಯಿತು. ಅದರ ತಿರುಳನ್ನು ನಮ್ಮ ವಾಚಕರಿಗಾಗಿ ಸಂಗ್ರಹಿಸುವುದಾದರೆ ಹೀಗಿದೆ.

ಕೇಡು ಎಂಬ ಒಂದೇ ಮಾತಿನಲ್ಲಿ ಎರಡು ಸಂಗತಿಗಳು ಅಡಗಿವೆ: ನಾವು ಮಾಡುವ ಕೇಡು, ನಾವು ಅನುಭವಿಸುವ ಕೇಡು. ಮಾಡುವ ಕೇಡಿಗೆ ದೇವರು ಕರ್ತರಲ್ಲ. ಶಾಶ್ವತವಾದ ಒಳಿತಿಗೆ ಬೆನ್ನು ತಿರುಗಿಸಿ ನಶ್ವರವಾದುದನ್ನು ಅಪ್ಪಿಕೊಳ್ಳುವ ನಮ್ಮ ಸಂಕಲ್ಪವೇ ಅದಕ್ಕೆ ಕಾರಣ. ಹಾಗಾದರೆ ತಪ್ಪು ಮಾಡಬಲ್ಲ ಸ್ವಾತಂತ್ರ್ಯವನ್ನು ದೇವರು ಕೊಟ್ಟದ್ದೇಕೆ? ಕೈಯಿಂದ ಕೊಲೆ ನಡೆಯುತ್ತದೆಯೆಂದು ಕೈಗಳಿಲ್ಲದ ದೇಹವೇ ಉತ್ತಮವೆಂದು ಯಾರೂ ಹೇಳುವುದಿಲ್ಲ. ಅಂತೆಯೇ ಸಂಕಲ್ಪವೂ ಒಂದು ಒಳ್ಳೆಯ ವರ. ಅದಿಲ್ಲದೆ ಯಾರೂ ನ್ಯಾಯವಂತರಾಗಿ ಬಾಳಲಾರರು. ದೇವರು ಮುಂದಾಗುವುದನ್ನು ಬಲ್ಲರಾದ್ದರಿಂದ ನಾವು ಪಾಪ ಮಾಡಲೇಬೇಕಾಯಿತೇ? ಇಲ್ಲ. ನಾವು ನೆನಪಿಟ್ಟುಕೊಂಡ ಮಾತ್ರಕ್ಕೆ ಕಳೆದುಹೋದ ಘಟನೆಗಳು ಬಲವಂತದಿಂದ ನಡೆದವೆಂದಾಗುವುದಿಲ್ಲ. ಹಾಗೆಯೇ ದೇವರು ಮುಂಚೆಯೇ ಅರಿತ ಮಾತ್ರಕ್ಕೆ ನಮ್ಮ ಕೃತ್ಯಗಳು ಬಲವಂತದವೆಂದಾಗುವುದಿಲ್ಲ.

ಈ ನಡುವೆ ಅವರ ಬದುಕಿನ ದಿಕ್ಕೇ ಬದಲಾಗಿತ್ತು. 388ರಲ್ಲಿ ತಗಾಸ್ತೆಗೆ ಮರಳಿ ಗೆಳೆಯರೊಡನೆ ತಪೋಜೀವನ ನಡೆಸುತ್ತಿದ್ದರು. ಹದಿನೇಳರ ಆಸುಪಾಸಿನಲ್ಲಿದ್ದ ಬುದ್ಧಿಶಾಲಿ ಮಗ ಅದೆಯೋದಾತುಸ್ ಅಲ್ಲಿಯೇ ತೀರಿಕೊಂಡನು. 391ರಲ್ಲಿ ಹಿಪ್ಪೋ ಎಂಬ ಬಂದರು ಪಟ್ಟಣಕ್ಕೆ, ಇಂದಿನ ಅನ್ನಾಬಾ ನಗರಕ್ಕೆ, ಒಮ್ಮೆ ಬಂದಾಗ ದೇವಾಲಯದಲ್ಲಿ ನೆರೆದ ಭಕ್ತರು ಅವರನ್ನು ಹಿಡಿದು ಧರ್ಮಾಧ್ಯಕ್ಷ ವಲೇರಿಯುಸರ ಮುಂದೆ ನಿಲ್ಲಿಸಿ ಗುರುದೀಕ್ಷೆ ಕೊಡಿಸಿದರು. ಅಳುತ್ತಲೇ ಅವರು ಅದನ್ನು ಸ್ವೀಕರಿಸಿದರು. 395ರ ಸುಮಾರಿಗೆ ಧರ್ಮಾಧ್ಯಕ್ಷರೂ ಆದರು.

ವರಪ್ರಸಾದದ ಅರಿವು

392ರ ಆಗಸ್ಟ್ 28 ಮತ್ತು 29ರಂದು ಹಿಪ್ಪೋವಿನ ಸಾರ್ವಜನಿಕ ಸ್ನಾನಗೃಹವೊಂದರಲ್ಲಿ ದೊಡ್ಡ ಸಭೆ ಸೇರಿತು. ಮಾನಿಯ ಪಂಥದ ಗುರು ಫೋರ್ತುನಾತುಸ್ ಮತ್ತು ಅಗಸ್ಟೀನರ ನಡುವೆ ಕೇಡಿನ ಮೂಲವನ್ನು ಕುರಿತು ಬಹಿರಂಗ ವಾದ. ಸಂಕಲ್ಪ ಸ್ವತಂತ್ರವಲ್ಲದಿದ್ದರೆ ಪಾಪವೂ ಇಲ್ಲ, ದೇವರ ನ್ಯಾಯತೀರ್ಪೂ ಇಲ್ಲ ಎಂದು ಅಗಸ್ಟೀನರು ವಾದಿಸಿದರು. ಫೋರ್ತುನಾತುಸ್ ಸಂತ ಪೌಲರ ಮಾತುಗಳನ್ನೇ ಎತ್ತಿ, ಮನುಷ್ಯನು ತನಗೆ ಬೇಡವಾದದ್ದನ್ನೇ ಮಾಡುತ್ತಾನಲ್ಲ ಎಂದು ಎದುರು ನುಡಿದನು. ಕೊನೆಗೆ ಸೋತವನು ಅವನೇ. ಊರನ್ನು ಬಿಟ್ಟು ಹೋದನು. ಆದರೆ ಅವನು ಎತ್ತಿದ ಆಕ್ಷೇಪ ಹಗುರವಾದದ್ದಾಗಿರಲಿಲ್ಲ. ಅಗಸ್ಟೀನರು ಆ ಪತ್ರಗಳನ್ನು ಮತ್ತೆ ಮತ್ತೆ ಓದಿದರು.

ಮಿಲಾನಿನಲ್ಲಿ ತಮಗೆ ಮಾರ್ಗದರ್ಶಕರಾಗಿದ್ದ ವೃದ್ಧ ಗುರು ಸಿಂಪ್ಲಿಸಿಯಾನರು ರೋಮಿನವರಿಗೆ ಬರೆದ ಪತ್ರದ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಿದಾಗ, 396ರ ಸುಮಾರಿಗೆ ಬರೆದ ಉತ್ತರದಲ್ಲಿ ಅಗಸ್ಟೀನರ ಚಿಂತನೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬೀಳಲು ನಮ್ಮ ಸಂಕಲ್ಪವೊಂದೇ ಸಾಕು. ಏಳಲು ಅದು ಸಾಲದು. ಬಾವಿಗೆ ತಾನಾಗಿ ಹಾರಿದವನು ತಾನಾಗಿ ಮೇಲೆ ಬರಲಾರನಷ್ಟೆ. ಮೊದಲ ಒಳ್ಳೆಯ ಬಯಕೆಯೂ ದೇವರ ವರಪ್ರಸಾದದಿಂದಲೇ ಹುಟ್ಟಬೇಕು. ಸ್ವತಂತ್ರ ಸಂಕಲ್ಪವನ್ನು ಎತ್ತಿಹಿಡಿಯಲು ತಾವು ಬಹಳ ಶ್ರಮಿಸಿದರೂ ಕೊನೆಗೆ ಗೆದ್ದದ್ದು ದೇವರ ವರಪ್ರಸಾದವೇ ಎಂದು ಮುಪ್ಪಿನಲ್ಲಿ ಅವರು ಈ ಉತ್ತರವನ್ನು ನೆನೆದರು. ಇದಾದ ಕೂಡಲೇ ಹುಟ್ಟಿದ್ದು ಹದಿಮೂರು ಭಾಗಗಳ ಆತ್ಮನಿವೇದನೆ. ತಮ್ಮನ್ನು ಎತ್ತಿದ ಕೈಗೆ ಸಲ್ಲಿಸಿದ ವಂದನೆ.

ಆ ಗ್ರಂಥದಲ್ಲಿ, ದೇವರು ಆಜ್ಞಾಪಿಸಿದ್ದನ್ನು ಪಾಲಿಸುವ ಶಕ್ತಿಯನ್ನೂ ದೇವರೇ ಕೊಡಬೇಕೆಂದು ಬೇಡುವ ಪ್ರಾರ್ಥನೆಯೊಂದಿದೆ. ಬ್ರಿಟನ್ನಿನಿಂದ ಬಂದ ತಪಸ್ವಿ ಪೆಲಾಜಿಯುಸ್ ರೋಮಿನಲ್ಲಿ ಇದನ್ನು ಕೇಳಿ ಸಿಡಿಮಿಡಿಗೊಂಡನು. ಇಂಥ ಪ್ರಾರ್ಥನೆ ಸೋಮಾರಿಗಳಿಗೆ ನೆಪವಾಗುವುದೆಂದೂ, ಮನಸ್ಸು ಮಾಡಿದರೆ ಮನುಷ್ಯನು ತನ್ನ ಶಕ್ತಿಯಿಂದಲೇ ನಿಷ್ಪಾಪಿಯಾಗಬಲ್ಲನೆಂದೂ ಅವನ ವಾದ. ಅಗಸ್ಟೀನರ ಹಿಂದಿನ ಗ್ರಂಥವನ್ನೇ ಅವನು ಸಾಕ್ಷಿಗೆ ತಂದನು. ಅಗಸ್ಟೀನರು ಬಿಡಲಿಲ್ಲ. ಮನುಷ್ಯನ ಶಕ್ತಿಯೇ ಸಾಕಾಗಿದ್ದರೆ, ಶೋಧನೆಗೆ ಒಳಪಡಿಸಬೇಡವೆಂದೂ ಕೇಡಿನಿಂದ ಬಿಡಿಸೆಂದೂ ದಿನವೂ ಬೇಡಲು ಪ್ರಭು ಏಕೆ ಕಲಿಸಿದರು? 418ರಲ್ಲಿ ಕಾರ್ಥೇಜಿನ ಧರ್ಮಸಭಾ ಪರಿಷತ್ತು ಪೆಲಾಜಿಯುಸನ ಬೋಧನೆಯನ್ನು ಖಂಡಿಸಿತು.

ಮಾನಿಯ ಪಂಥ ಸಂಕಲ್ಪವನ್ನು ಅಳಿಸಿತು. ಪೆಲಾಜಿಯುಸ್ ವರಪ್ರಸಾದವನ್ನು ಅನಗತ್ಯವೆಂದನು. ಮೊದಲನೆಯದು ನೆಪವನ್ನು ಕೊಟ್ಟಿತು. ಎರಡನೆಯದು ಬಿದ್ದವನಿಗೆ ಹತಾಶೆಯನ್ನು ಕೊಟ್ಟಿತು. ಇವೆರಡರ ನಡುವಣ ಇಕ್ಕಟ್ಟಾದ ದಾರಿಯನ್ನು ಅಗಸ್ಟೀನರು ತೋರಿದರು.

ಅನುಭವಿಸುವ ಕೇಡು

410ರ ಆಗಸ್ಟ್ 24ರಂದು ಅಲಾರಿಕನ ಸೈನ್ಯವು ರೋಮ್ ನಗರವನ್ನು ಹೊಕ್ಕು ಮೂರು ದಿನ ಸೂರೆಗೈದಿತು. ನಿರಾಶ್ರಿತರು ಆಫ್ರಿಕದ ಬಂದರುಗಳಿಗೆ ಬಂದಿಳಿದರು. ಹಳೆಯ ದೇವತೆಗಳನ್ನು ಬಿಟ್ಟದ್ದೇ ಈ ಕೇಡಿಗೆ ಕಾರಣವೆಂಬ ಕೂಗೆದ್ದಿತು. ಅಗಸ್ಟೀನರು 413ರಿಂದ 426ರ ವರೆಗೆ ಇಪ್ಪತ್ತೆರಡು ಭಾಗಗಳಲ್ಲಿ ಬರೆದ ದೇವನಗರಿ ಎಂಬ ಮಹಾಗ್ರಂಥ ಇದಕ್ಕೆ ಉತ್ತರ. ಆದರೆ ಆ ಗ್ರಂಥದ ಆರಂಭದಲ್ಲೇ ಅವರು ಒಂದು ಗಾಯಕ್ಕೆ ಕೈ ಹಾಕಿದರು. ಸೈನಿಕರ ಕೈಯಲ್ಲಿ ಮಾನಭಂಗಕ್ಕೆ ಗುರಿಯಾದ ಕ್ರೈಸ್ತ ಸ್ತ್ರೀಯರನ್ನು ಲೋಕ ಹೀಯಾಳಿಸುತ್ತಿತ್ತು. ಅವರು ಆತ್ಮಹತ್ಯೆ ಮಾಡಿಕೊಳ್ಳಬೇಕಿತ್ತೆಂಬುದು ರೋಮನ್ನರ ಹಳೆಯ ಗೌರವ ಕಲ್ಪನೆ. ಅಗಸ್ಟೀನರು ಇದನ್ನು ತಿರಸ್ಕರಿಸಿದರು. ಪಾಪವಿರುವುದು ಸಂಕಲ್ಪದಲ್ಲಿ, ಸಂಕಲ್ಪ ಸಮ್ಮತಿಸದಿದ್ದಾಗ ದೇಹದ ಮೇಲೆ ನಡೆದ ಬಲಾತ್ಕಾರವು ಬಲಾತ್ಕಾರಿಯ ಪಾಪವೇ ಹೊರತು ನೊಂದವಳದಲ್ಲ, ಆಕೆಯ ಪಾವಿತ್ರ್ಯಕ್ಕೆ ಕುಂದಿಲ್ಲ. ಸ್ವತಂತ್ರ ಸಂಕಲ್ಪದ ಸಿದ್ಧಾಂತ ಕೇವಲ ಪಂಡಿತರ ಚರ್ಚೆಯಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ನೊಂದ ಹೆಣ್ಣುಮಗಳನ್ನೇ ದೂರುವ ಮಾತು ಇಂದಿಗೂ ನಮ್ಮ ಕಿವಿಗೆ ಬೀಳುತ್ತಿರುವಾಗ, ಹದಿನಾರು ಶತಮಾನಗಳ ಹಿಂದಿನ ಈ ತೀರ್ಪನ್ನು ನಾವು ನೆನೆಯಬೇಕು.

ಎಲ್ಲಕ್ಕೂ ಉತ್ತರ ತಮ್ಮಲ್ಲಿದೆಯೆಂದು ಅಗಸ್ಟೀನರು ಎಂದೂ ಹೇಳಿಕೊಳ್ಳಲಿಲ್ಲ. ಹಸುಳೆಗಳ ನೋವು ಅವರನ್ನು ಕೊನೆಯವರೆಗೂ ಕಾಡಿತು. 415ರಲ್ಲಿ ಬೆತ್ಲೆಹೇಮಿನಲ್ಲಿದ್ದ ಸಂತ ಜೆರೋಮರಿಗೆ ಬರೆದ ಪತ್ರದಲ್ಲಿ, ಯಾವ ಪಾಪವನ್ನೂ ತಾವಾಗಿ ಮಾಡದ ಮಕ್ಕಳು ರೋಗ, ಹಸಿವೆಗಳಿಂದ ನರಳುವುದನ್ನು ಕಂಡಾಗ ಏನು ಹೇಳಬೇಕೆಂದು ತಮಗೆ ತೋಚುವುದಿಲ್ಲವೆಂದು ಒಪ್ಪಿಕೊಂಡರು. ಕೇಡಿನಿಂದಲೂ ಒಳಿತನ್ನು ಹೊರತರಬಲ್ಲಷ್ಟು ಶಕ್ತರೂ ಒಳ್ಳೆಯವರೂ ಆಗಿರುವುದರಿಂದಲೇ ದೇವರು ಕೇಡಿಗೆ ಎಡೆಗೊಟ್ಟಿದ್ದಾರೆಂಬುದು ಅವರ ವಿಶ್ವಾಸ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಈ ಬೋಧನೆಯನ್ನು ಅವರ ಹೆಸರಿನಲ್ಲೇ ಎತ್ತಿಕೊಂಡಿದೆ. ಆ ಒಳಿತು ಯಾವುದೆಂದು ಪ್ರತಿಯೊಂದು ಸಾವಿನ ಮನೆಯಲ್ಲೂ ಬೆರಳಿಟ್ಟು ತೋರಿಸುವ ಧಾರ್ಷ್ಟ್ಯ ಅವರಿಗಿರಲಿಲ್ಲ. ನಮಗೂ ಇರಬಾರದು.

ಅವರ ನಡತೆಯಲ್ಲಿ ಕುಂದುಗಳಿರಲಿಲ್ಲವೆಂದೂ ಅಲ್ಲ. ಆಫ್ರಿಕದ ಧರ್ಮಸಭೆಯನ್ನು ಒಡೆದಿದ್ದ ದೊನಾತುಸನ ಪಂಗಡದವರನ್ನು ಮಾತಿನಿಂದಲೇ ಒಲಿಸಿಕೊಳ್ಳಬೇಕೆಂದು ಮೊದಲು ಹೇಳಿದ ಅವರು, ಬಳಿಕ ಚಕ್ರವರ್ತಿಯ ಕಾನೂನಿನ ಬಲವಂತವನ್ನು ಸಮರ್ಥಿಸಿದರು. ಮರಣದಂಡನೆಯನ್ನು ಮಾತ್ರ ಒಪ್ಪದೆ ಅಪರಾಧಿಗಳ ಪ್ರಾಣಭಿಕ್ಷೆ ಬೇಡಿದರು. ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಕೂಡದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಸಂಕಲ್ಪದ ಸ್ವಾತಂತ್ರ್ಯವನ್ನು ಬೋಧಿಸಿದವರಿಗೂ ಅದರ ಪೂರ್ಣ ಫಲ ಕಾಣದೆ ಹೋದೀತೆಂಬುದು ನಮಗೆ ಪಾಠ.

ಕೊನೆಯ ದಿನಗಳು

ಕೇಡನ್ನು ವಿವರಿಸುವುದು ಒಂದು, ಎದುರಿಸುವುದು ಇನ್ನೊಂದು. ಅಗಸ್ಟೀನರು ಎರಡನ್ನೂ ಮಾಡಿದರು. ಸೆರೆಯಾಳುಗಳನ್ನು ಬಿಡಿಸಲು ದೇವಾಲಯದ ಪವಿತ್ರ ಪಾತ್ರೆಗಳನ್ನೇ ಕರಗಿಸಿ ಮಾರಿಸಿದರು. 1981ರಲ್ಲಿ ಮೊದಲ ಬಾರಿಗೆ ಅಚ್ಚಾದ ಅವರ ಪತ್ರವೊಂದರಿಂದ ಒಂದು ಹೃದ್ಯ ಸಂಗತಿ ತಿಳಿದುಬಂದಿದೆ. ಹಳ್ಳಿಗರನ್ನು ಹಿಡಿದು ದಾಸರನ್ನಾಗಿ ಸಾಗಿಸುವ ವ್ಯಾಪಾರಿಗಳು ಹಿಪ್ಪೋ ಬಂದರಿನಲ್ಲಿ ಬೀಡುಬಿಟ್ಟಿದ್ದರು. ಧರ್ಮಾಧ್ಯಕ್ಷರು ಊರಲ್ಲಿಲ್ಲದಿದ್ದಾಗಲೇ ಅವರ ಸಭೆಯ ಸಾಮಾನ್ಯ ವಿಶ್ವಾಸಿಗಳು ಮುನ್ನುಗ್ಗಿ ಸುಮಾರು 120 ಮಂದಿಯನ್ನು ಬಿಡಿಸಿದರು. ಕೇಡಿನ ಮೂಲವನ್ನು ಕುರಿತ ಪ್ರಬೋಧನೆಗಳನ್ನು ಕೇಳಿದ ಜನ ಅದಕ್ಕೆ ಕೊಟ್ಟ ಉತ್ತರ ಇದು.

429ರಲ್ಲಿ ವ್ಯಾಂಡಲರು ಸ್ಪೇನಿನಿಂದ ಸಮುದ್ರ ದಾಟಿ ಬಂದು ಆಫ್ರಿಕದ ಊರುಗಳನ್ನು ಸುಡತೊಡಗಿದರು. ಗುರುಗಳು ಪಲಾಯನ ಮಾಡಬಹುದೇ ಎಂದು ಹೊನೊರಾತುಸ್ ಎಂಬ ಧರ್ಮಾಧ್ಯಕ್ಷರು ಕೇಳಿದಾಗ, ಮಂದೆಗೆ ತಮ್ಮ ಸೇವೆ ಬೇಕಾಗಿರುವವರೆಗೆ ಕುರುಬರು ಓಡಬಾರದೆಂದು ಉತ್ತರಿಸಿದರು. ಮರುವರ್ಷ ಹಿಪ್ಪೋವಿಗೂ ಮುತ್ತಿಗೆ ಬಿತ್ತು. ಎಪ್ಪತ್ತೈದು ವರ್ಷದ ಅಗಸ್ಟೀನರು ಓಡಲಿಲ್ಲ. ಮುತ್ತಿಗೆಯ ಮೂರನೆಯ ತಿಂಗಳಲ್ಲಿ ಜ್ವರದಿಂದ ಹಾಸಿಗೆ ಹಿಡಿದರು. ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಹಾಸಿಗೆಯೆದುರಿನ ಗೋಡೆಗೆ ಹಚ್ಚಿಸಿದರು. ಸುಮಾರು ಹತ್ತು ದಿನ, ವೈದ್ಯರೂ ಊಟ ತರುವವರೂ ಹೊರತು ಯಾರನ್ನೂ ಒಳಬಿಡಬೇಡಿರೆಂದು ಹೇಳಿ, ಆ ಕೀರ್ತನೆಗಳನ್ನು ಓದುತ್ತ ಕಣ್ಣೀರು ಸುರಿಸುತ್ತಿದ್ದರೆಂದು ಅವರ ಶಿಷ್ಯರೂ ಜೀವನಚರಿತ್ರೆಯ ಲೇಖಕರೂ ಆದ ಪೊಸ್ಸಿದಿಯುಸರು ಬರೆದಿದ್ದಾರೆ. 430ರ ಆಗಸ್ಟ್ 28ರಂದು ಅವರು ದೇವರ ಸನ್ನಿಧಿಯನ್ನು ಸೇರಿದರು. ಇಂದು ಅವರ ಪವಿತ್ರ ಅವಶೇಷಗಳು ಇಟಲಿಯ ಪಾವಿಯ ನಗರದ ಸಂತ ಪೇತ್ರರ ದೇವಾಲಯದಲ್ಲಿವೆ. 2025ರ ಮೇ 8ರಂದು ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಜಗದ್ಗುರುಗಳು ಅಗಸ್ಟೀನರ ಹೆಸರಿನ ಸಂನ್ಯಾಸಿ ಸಭೆಗೆ ಸೇರಿದವರೆಂಬುದು ನಮಗೆಲ್ಲ ತಿಳಿದೇ ಇದೆ.

ಹೊರಗೆ ಶತ್ರುಗಳು ಊರನ್ನು ಸುಡುತ್ತಿದ್ದಾಗ ಆ ವೃದ್ಧರು ಅತ್ತದ್ದು ವ್ಯಾಂಡಲರ ಪಾಪಗಳಿಗಾಗಿ ಅಲ್ಲ, ತಮ್ಮ ಪಾಪಗಳಿಗಾಗಿ. ಕೇಡು ಎಲ್ಲಿಂದ ಬಂತೆಂದು ಲೋಕವನ್ನೆಲ್ಲ ಹುಡುಕಿದವರು ಕೊನೆಗೆ ತಮ್ಮ ಹೃದಯದ ಬಾಗಿಲಲ್ಲಿ ನಿಂತರು. ಅಲ್ಲಿ ಹತಾಶೆಯಿರಲಿಲ್ಲ, ಎತ್ತುವ ಕೈಯ ಪರಿಚಯ ಅವರಿಗೆ ಮಿಲಾನಿನ ತೋಟದಲ್ಲೇ ಆಗಿತ್ತು.

ನಮ್ಮ ದೇವಾಲಯದ ಎರಡನೆಯ ಶತಮಾನದಲ್ಲೂ ಗಂಟೆ ಮದುವೆಗೂ ಮರಣಕ್ಕೂ ಮೊಳಗುವುದು. ಪರರು ನರಳುವಾಗ ಕಾರಣ ಹೇಳಲು ಆತುರಪಡದೆ ಪಕ್ಕದಲ್ಲಿ ನಿಲ್ಲುವ ಕರುಣೆಯೂ, ನಾವು ತಪ್ಪಿದಾಗ ಹಣೆಬರಹವನ್ನು ದೂರದೆ ನಾನೇ ಎಂದು ಒಪ್ಪಿಕೊಳ್ಳುವ ಧೈರ್ಯವೂ, ಒಪ್ಪಿಕೊಂಡ ಮೇಲೆ ದೇವರ ಕೈ ಹಿಡಿದು ಏಳುವ ನಂಬಿಕೆಯೂ ನಮಗೆಲ್ಲ ದೊರೆಯಲೆಂದು ಸಂತ ಅಗಸ್ಟೀನರ ಮತ್ತು ಅವರ ತಾಯಿ ಸಂತ ಮೋನಿಕಮ್ಮನವರ ಬಿನ್ನಹದ ಮೂಲಕ ನಾವು ಪ್ರಾರ್ಥಿಸುತ್ತೇವೆ.